ಹಸಿ ಸೌದೆಯ ತೂಕ

ಊರಿನಲ್ಲಿ ಯಾರ ಮನೆಯಲ್ಲಿ ಶುಭ ನಡೆಯಲಿದೆ, ಯಾರ ಮನೆಯಲ್ಲಿ ಅಶುಭ ನಡೆದುಹೋಗಿದೆ ಎಂಬುದು ಪುರೋಹಿತರಿಗೆ ತಿಳಿಯುವಷ್ಟೇ ಬೇಗ ಸೌದೆ ಅಂಗಡಿಯವರಿಗೂ ತಿಳಿಯುತ್ತದೆ. ಮದುವೆಯ ಅಡಿಗೆಗೆ ಒಪ್ಪಿಕೊಂಡ ಭಟ್ಟರು ಬಾಳೆಯೆಲೆಯ ಲೆಕ್ಕಕ್ಕೆ ಮೊದಲೇ ಸೌದೆಯ ಲೆಕ್ಕವನ್ನು ಹೇಳಿಕಳುಹಿಸುತ್ತಾರೆ. ಸಾವಿನ ಮನೆಯವರಿಗಂತೂ ದೂರದ ನೆಂಟರಿಗೆ ಸುದ್ದಿ ಮುಟ್ಟಿಸುವುದಕ್ಕೂ ಮೊದಲು ಆ ಅಂಗಡಿಯ ನೆನಪಾಗುತ್ತದೆ. ಆದರೆ ಅಡಿಗೆ ರುಚಿಯಾದರೆ ಹೊಗಳಿಕೆ ಭಟ್ಟರಿಗೆ ಸಲ್ಲುತ್ತದೆ. ಕ್ರಿಯೆ ಸಾಂಗವಾಗಿ ಮುಗಿದರೆ ಪುಣ್ಯ ಮಕ್ಕಳಿಗೆ ಸಲ್ಲುತ್ತದೆ. ಉರಿದು ಬೂದಿಯಾದ ಸೌದೆಯನ್ನು ಯಾರೂ ನೆನೆಯುವುದಿಲ್ಲ. ಅದು ಉರಿಯದೆ ಹೋದಾಗ ಮಾತ್ರ ಅದನ್ನು ಮಾರಿದವನೊಬ್ಬನಿದ್ದಾನೆಂಬುದು ಲೋಕಕ್ಕೆ ಹೊಳೆಯುತ್ತದೆ.

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಬಂಟ್ವಾಳ ಕ್ರಾಸ್ ರೋಡ್, ಅಂದರೆ ಜನರ ಬಾಯಿಯ ಬಿ. ಸಿ. ರೋಡ್, ಕಳೆದು, ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿದರೆ ಮುಂದೆ ಸಿಕ್ಕುವ ಕೂಡುರಸ್ತೆಯೇ ಮೆಲ್ಕಾರ್. ಒಂದು ದಾರಿ ಇಲ್ಲಿಂದ ಮುಡಿಪು, ಕೊಣಾಜೆಗಳ ಕಡೆಗೆ ಒಡೆಯುತ್ತದೆ. ಹೆದ್ದಾರಿಯು ಕಲ್ಲಡ್ಕ, ಮಾಣಿಗಳತ್ತ ಸಾಗುತ್ತದೆ. ಹಿಂದೆ ಈ ಪ್ರದೇಶದ ಸರಕೆಲ್ಲ ಹೊಳೆಯ ದಾರಿ ಹಿಡಿದು ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕರಾವಳಿಯಲ್ಲಿ ಅಂಥವು ಒಂದರ ಹಿಂದೊಂದು ಎದ್ದುವು. ಅವುಗಳ ಭಟ್ಟಿಗಳ ಹಸಿವೆಯನ್ನು ತಣಿಸಿದ್ದು ಒಳನಾಡಿನ ಸೌದೆಯೇ. ಇಂದು ದೋಣಿಯ ಕಾಲ ಮುಗಿದಿದೆ. ಪುತ್ತೂರು, ಸುಳ್ಯಗಳ ತೋಟಗಳಿಂದ ಮರದ ದಿಮ್ಮಿಗಳನ್ನು ಹೊತ್ತ ಲಾರಿಗಳು ಮಾಣಿಯ ಮೂಲಕ ಇಳಿದು ಮೆಲ್ಕಾರಿನ ಮುಂದೆಯೇ ಹಾದುಹೋಗುತ್ತವೆ. ಸೌದೆ ಅಂಗಡಿಗೆ ಇದಕ್ಕಿಂತ ಒಳ್ಳೆಯ ನೆಲೆ ಬೇಕೆ?

ಇಂಥದೊಂದು ಅಂಗಡಿಯ ಯಜಮಾನರು ಈ ಕಥೆಯ ನಾಯಕರು. ಅಂಗಡಿಯೆಂದರೆ ರಸ್ತೆಯ ಬದಿಯ ಒಂದು ತುಂಡು ಜಾಗ, ಮರ ಕೊಯ್ಯುವ ಗರಗಸದ ಯಂತ್ರ, ಸೀಳಲು ಕೊಡಲಿ ಮತ್ತು ಬೆಣೆ, ತೂಕದ ತಕ್ಕಡಿ, ತಗಡಿನ ಮಾಡಿನ ಉದ್ದನೆಯ ಸೌದೆ ಕೊಟ್ಟಿಗೆ. ಬಂಡವಾಳದ ಮುಕ್ಕಾಲು ಪಾಲು ಆ ಕೊಟ್ಟಿಗೆಯಲ್ಲಿ ಅಟ್ಟಿ ಇಟ್ಟ ಸೌದೆಯೇ. ಕೈಯಲ್ಲಿ ಕಾಸಿಲ್ಲದ ದಿನವೂ ಅವರು ಶ್ರೀಮಂತರೇ. ಆದರೆ ಆ ಶ್ರೀಮಂತಿಕೆಗೆ ಗೆದ್ದಲಿನ ಭಯ ಒಂದು ಕಡೆ, ಮಳೆಯ ಭಯ ಇನ್ನೊಂದು ಕಡೆ.

ಅಡಿಗೆ ಅನಿಲ ಬಂದ ಮೇಲೆ ಸೌದೆಯನ್ನು ಕೊಳ್ಳುವವರಾರು ಎಂದು ನಗರದ ಗೃಹಿಣಿಗೆ ಅನ್ನಿಸಬಹುದು. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಬಡವರ ಮನೆಗೂ ಸಿಲಿಂಡರು ನಡೆದುಬಂದದ್ದು ನಿಜ. ಆದರೆ ತುಳುನಾಡಿನ ಗಂಜಿ ಕುಚ್ಚಲಕ್ಕಿಯದು. ಬೆಳ್ತಿಗೆ ಅಕ್ಕಿಯಂತೆ ಅದು ಹತ್ತಿಪ್ಪತ್ತು ನಿಮಿಷಕ್ಕೆ ಮೆತ್ತಗಾಗುವ ಜಾತಿಯಲ್ಲ, ಕುದಿಯುತ್ತಲೇ ಇರಬೇಕು. ಹದಿನಾಲ್ಕು ಕಿಲೋ ಚಿಲ್ಲರೆಯ ಸಿಲಿಂಡರಿನ ಮೇಲೆ ದಿನವೂ ಆ ಅನ್ನವನ್ನು ಬೇಯಿಸಿದರೆ ತಿಂಗಳ ಲೆಕ್ಕ ತಪ್ಪುತ್ತದೆ. ಆದುದರಿಂದ ಸಾರು, ಚಹಾಗಳು ಅನಿಲದ ಒಲೆಯ ಮೇಲೂ, ಅನ್ನವೂ ಬಚ್ಚಲಿನ ಹಂಡೆಯ ಬಿಸಿನೀರೂ ಸೌದೆಯ ಮೇಲೂ ಆಗುವ ಮನೆಗಳು ಈಗಲೂ ಎಷ್ಟೋ ಇವೆ. ಅವುಗಳೊಡನೆ ಹೋಟೆಲುಗಳು, ಬೇಕರಿಗಳು, ದೇವಸ್ಥಾನಗಳ ಅನ್ನಸಂತರ್ಪಣೆ, ಮದುವೆ, ಉಪನಯನ, ಕೊನೆಗೆ ಸ್ಮಶಾನ.

ಕಾಡಿನ ಮರವನ್ನು ಕಡಿದು ತರುವ ದಿನಗಳು ಎಂದೋ ಹೋದುವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ ಸ್ವಂತ ಜಮೀನಿನ ಮರಕ್ಕೂ ಅಪ್ಪಣೆ ಬೇಕು. ರಬ್ಬರು, ಗಾಳಿಮರ, ತೆಂಗು, ನೀಲಗಿರಿ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿಯುಂಟು. ಹೀಗಾಗಿ ಇಂದಿನ ಸೌದೆಯ ಅಂಗಡಿಯನ್ನು ಬದುಕಿಸಿರುವುದು ಮುಖ್ಯವಾಗಿ ಮುದಿ ರಬ್ಬರು ಮರ. ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟು ಬತ್ತಿದ ಮರವನ್ನು ತೋಟದವರು ಕಡಿಸುತ್ತಾರೆ. ದಪ್ಪದ ಬೊಡ್ಡೆಗಳನ್ನು ಪ್ಲೈವುಡ್ಡಿನವರು ಒಯ್ದರೆ ಉಳಿದ ಕೊಂಬೆಗಳು ಸೌದೆಗೆ ಬರುತ್ತವೆ. ಅಗ್ಗದ ಮರ, ಸುಲಭವಾಗಿ ಸೀಳುತ್ತದೆ. ಆದರೆ ಒಳಗೆ ಹಿಟ್ಟಿನ ಅಂಶ ಹೆಚ್ಚು. ತೇವದಲ್ಲಿ ನಾಲ್ಕು ದಿನ ಬಿಟ್ಟರೆ ನೀಲಿ ಬೂಸು ಹಿಡಿದು ಹುಳು ಕೊರೆಯಲು ತೊಡಗುತ್ತದೆ. ಅದಕ್ಕಿಂತ ಗೇರು ಮೇಲು. ಗಾಳಿಮರವಂತೂ ಗಟ್ಟಿ ಕೆಂಡ ಕಟ್ಟಿ ಬಹಳ ಹೊತ್ತು ಉರಿಯುತ್ತದೆ.

ಈ ವ್ಯಾಪಾರದ ಧರ್ಮಸೂಕ್ಷ್ಮವೆಲ್ಲ ಅಡಗಿರುವುದು ನೀರಿನಲ್ಲಿ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರು. ಅಂಥ 1000 ಕಿಲೋ ಮರವನ್ನು ಕೊಂಡು, ಸೀಳಿ, ಗಾಳಿಯಾಡುವಂತೆ ಅಟ್ಟಿ ಇಟ್ಟು, ನೀರಿನ ಪಾಲು ನೂರಕ್ಕೆ ಇಪ್ಪತ್ತಕ್ಕೆ ಇಳಿಯುವವರೆಗೆ ಒಣಗಿಸಿದರೆ ತಕ್ಕಡಿಯಲ್ಲಿ ಉಳಿಯುವುದು 625 ಕಿಲೋ. ಉಳಿದ 375 ಕಿಲೋ ಯಜಮಾನರ ಕಣ್ಣೆದುರಿನಲ್ಲಿಯೇ ಗಾಳಿಗೆ ಹಾರಿಹೋಗುತ್ತದೆ. ಕಳ್ಳನೊಯ್ದರೆ ಪೋಲೀಸರಿಗೆ ಹೇಳಬಹುದು. ಬಿಸಿಲು ಒಯ್ದದ್ದಕ್ಕೆ ಯಾರಲ್ಲಿ ದೂರುವುದು? ಹಸಿಯಾಗಿಯೇ ಮಾರಿದರೆ ಆ ನೀರಿಗೂ ಸೌದೆಯ ಬೆಲೆಯೇ. ಒಣಗಿಸಿ ಮಾರಿದರೆ ಕಿಲೋವಿನ ಬೆಲೆಯನ್ನು ಒಂದಕ್ಕೆ ಒಂದೂವರೆಗಿಂತಲೂ ಮೇಲೆ ಏರಿಸದೆ ಅಸಲು ಹುಟ್ಟುವುದಿಲ್ಲ, ಏರಿಸಿದರೆ “ಪಕ್ಕದ ಅಂಗಡಿಯಲ್ಲಿ ಇಷ್ಟಿಲ್ಲವಲ್ಲ!” ಎಂಬ ಮಾತನ್ನು ಕೇಳಬೇಕು. ಪಕ್ಕದ ಅಂಗಡಿಯ ಒಂದು ಕಿಲೋ ಹಸಿ ಸೌದೆ ತನ್ನ ಬೆಂಕಿಯ ಒಂದು ಪಾಲನ್ನು ತನ್ನ ನೀರನ್ನು ಆರಿಸುವುದಕ್ಕೇ ವ್ಯಯಮಾಡಿ, ಒಣಗಿದ ಸೌದೆಯ ಅರ್ಧಕ್ಕಿಂತ ತುಸು ಹೆಚ್ಚು ಶಾಖವನ್ನಷ್ಟೇ ಕೊಡುತ್ತದೆಂಬುದನ್ನು ಗಿರಾಕಿಗೆ ತಿಳಿಹೇಳುವವರಾರು? ಅದನ್ನು ಹೇಳುವುದು ಹೊಗೆ. ಅದೂ ಅಂಗಡಿಯಲ್ಲಲ್ಲ, ಅಡಿಗೆಮನೆಯಲ್ಲಿ, ಕಣ್ಣೊರಸಿಕೊಳ್ಳುವ ಹೆಂಗಸಿಗೆ.

ಆದುದರಿಂದ ಯಜಮಾನರ ವರ್ಷವು ಪಂಚಾಂಗದಂತೆ ಯುಗಾದಿಯಿಂದ ಯುಗಾದಿಗೆ ತಿರುಗದೆ, ಪತ್ತನಾಜೆಯಿಂದ ಪತ್ತನಾಜೆಗೆ ತಿರುಗುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ವಾರದ ಸುಮಾರಿಗೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆ ಯಾವ ಗಳಿಗೆಯಲ್ಲಾದರೂ ಹಿಡಿಯಬಹುದು. ಅಷ್ಟರೊಳಗೆ ಚಳಿಗಾಲದಲ್ಲಿ ಸೀಳಿದ ಸೌದೆ ಬೇಸಗೆಯ ಬಿಸಿಲನ್ನೆಲ್ಲ ಉಂಡು ಮಾಡಿನ ಕೆಳಗೆ ಸೇರಿರಬೇಕು: ನೆಲ ತಾಗದಂತೆ ಕಲ್ಲಿನ ಮೇಲೆ, ತೊಗಟೆ ಮೇಲ್ಮುಖವಾಗಿ, ತುಂಡುಗಳ ತುದಿಗಳು ಗಾಳಿಗೆ ತೆರೆದಂತೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳು ಆಕಾಶ ಒಂದು ತುಂಡನ್ನೂ ಒಣಗಿಸಿಕೊಡುವುದಿಲ್ಲ.

ಹಿಂದೆ ಸಾವಿನ ಮನೆಯವರು ಸೌದೆಗೆ ಅಂಗಡಿಯ ಬಾಗಿಲನ್ನು ತಟ್ಟುತ್ತಿರಲಿಲ್ಲ. ಹಿತ್ತಲಿನ ಮಾವಿನ ಮರವೊಂದನ್ನು ಕಡಿಯುತ್ತಿದ್ದರು. ನೆರೆಹೊರೆಯವರು ಕೊಡಲಿ ಹಿಡಿದು, ತೆಂಗಿನ ಗೆರಟೆ ಹೊತ್ತು, ಕರೆಯದೆಯೇ ಬರುತ್ತಿದ್ದರು. ಈಗ ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಬೈಕು ನಿಲ್ಲಿಸುವ ಎಡೆ ಇಷ್ಟೇ ಹಿಡಿಯುತ್ತವೆ; ಮಾವಿಗೆ ಎಡೆಯೆಲ್ಲಿ? ಒಂದು ಚಿತೆಗೆ 300ರಿಂದ 400 ಕಿಲೋ ಸೌದೆ ಬೇಕು. ಅದೂ ಒಂದೆರಡು ಗಂಟೆಯೊಳಗೆ, ಚೌಕಾಸಿಗೆ ಎಡೆಯಿಲ್ಲದಂತೆ.

ಹಲವು ವರ್ಷಗಳ ಹಿಂದೆ, ಗರಗಸದ ಯಂತ್ರಕ್ಕಾಗಿ ಮಾಡಿದ ಸಾಲದ ಕಂತು ಬಾಕಿಯಾಗಿ ಯಜಮಾನರು ಬಹಳ ಬಿಗಿಯಲ್ಲಿದ್ದ ಮಳೆಗಾಲವೊಂದರಲ್ಲಿ, ಹೋಟೆಲಿನವರೊಬ್ಬರು ಒಳ್ಳೆಯ ಬೆಲೆ ಹೇಳಿ ಕೊಟ್ಟಿಗೆಯ ಒಣ ಸೌದೆಯನ್ನು ಬಹುಮಟ್ಟಿಗೆ ಬಾಚಿಕೊಂಡುಹೋದರು. ಕಂತು ಸಂದಿತು. ಕೊಟ್ಟಿಗೆಯಲ್ಲಿ ಉಳಿದದ್ದು ಮೂರು ವಾರದ ಹಿಂದೆಯಷ್ಟೇ ಸೀಳಿದ ರಬ್ಬರು. ಆಟಿ ತಿಂಗಳ ಒಂದು ಬೆಳಿಗ್ಗೆ, ಮಳೆ ಸುರಿಯುತ್ತಿರುವಾಗಲೇ ಇಬ್ಬರು ಯುವಕರು ಬಂದು ನಿಂತರು.

“ಅಣ್ಣ, ಅಮ್ಮ ಹೋದರು. ಕಟ್ಟಿಗೆ ಬೇಕಿತ್ತು.”

“ಒಣಗಿದ್ದು ಇಲ್ಲ, ಬೇರೆ ಕಡೆ ನೋಡಿ” ಎಂದು ಹೇಳಿಬಿಡಬಹುದಾಗಿತ್ತು. ಹಾಗೆ ಹೇಳುವ ಬದಲು ಅವರು ಉಳಿದಿದ್ದ ನಾಲ್ಕು ಹೊರೆ ಒಣ ಸೌದೆಯನ್ನು ಮೇಲೆ ಹಾಕಿಸಿ, ಅಡಿಯಲ್ಲಿ ಹಸಿ ರಬ್ಬರನ್ನು ತುಂಬಿಸಿ, ತೂಕ ಮಾಡಿಸಿ, ಪಿಕಪ್ ಗಾಡಿಯಲ್ಲಿ ಕಳುಹಿಸಿಕೊಟ್ಟರು. ಹಸಿ ಸೌದೆಗೆ ತೂಕ ಹೆಚ್ಚೆಂಬುದು ಆ ಹೊತ್ತಿನಲ್ಲೂ ಅವರ ಮನಸ್ಸಿನ ಮೂಲೆಯಲ್ಲಿ ಇತ್ತು.

ಸೌದೆ ಇಳಿಸಲು ಹೋಗಿದ್ದ ಹುಡುಗ ಮರುದಿನ ಎಲ್ಲವನ್ನೂ ಹೇಳಿದನು. ಬೆಂಕಿ ಹಿಡಿಯಲೇ ಇಲ್ಲ. ತುಪ್ಪ ಮುಗಿಯಿತು, ಸೀಮೆಣ್ಣೆ ಸುರಿದರು, ಯಾರದೋ ಮನೆಯಿಂದ ಗೆರಟೆ, ಅಡಿಕೆ ಸಿಪ್ಪೆ ತರಿಸಿದರು. ಮಧ್ಯಾಹ್ನ ಇಟ್ಟ ಬೆಂಕಿ ದೀಪ ಹಚ್ಚುವ ಹೊತ್ತಿಗೂ ಹೊಗೆಯಾಡುತ್ತಲೇ ಇತ್ತು. ಹಿರಿಯ ಮಗ ಅಷ್ಟು ಹೊತ್ತೂ ಮಳೆಯಲ್ಲಿ ನಿಂತೇ ಇದ್ದನು.

ಯಜಮಾನರು ಜಗಳವನ್ನು ಎದುರುನೋಡಿದರು. ನಿಜ ಹೇಳಬೇಕೆಂದರೆ, ಜಗಳವನ್ನು ಬಯಸಿದರು. ಹತ್ತು ದಿನ ಕಳೆದು ಆ ಹಿರಿಯ ಮಗ ಬಂದನು. ಬಾಕಿ ಹಣವನ್ನು ಎಣಿಸಿಟ್ಟನು. ಯಜಮಾನರು ಏನೋ ಹೇಳಹೊರಟು ತಡವರಿಸಿದಾಗ ಅವನೇ ಸಮಾಧಾನ ಹೇಳಿದನು: “ಮಳೆಗಾಲ ಅಲ್ಲವಾ ಅಣ್ಣ, ನಿಮ್ಮ ತಪ್ಪು ಎಂಥ ಉಂಟು?”

ಬೈದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಹೋಟೆಲಿನವನಿಗೆ ಹಸಿ ಸೌದೆ ಹೋದರೆ ಅವನು ಸಂಜೆಯೊಳಗೆ ಗಾಡಿಯನ್ನು ಹಿಂದಕ್ಕಟ್ಟುತ್ತಾನೆ. ಸಾವಿನ ಮನೆಯವರಿಗೆ ಹಿಂದಕ್ಕಟ್ಟುವ ಶಕ್ತಿಯೂ ಇಲ್ಲ, ಎರಡನೆಯ ಸಲ ಮಾಡುವ ಅವಕಾಶವೂ ಇಲ್ಲ. ಹಣ ಕೊಟ್ಟು, ತಪ್ಪನ್ನು ಮಳೆಯ ಮೇಲೆ ಹಾಕಿ, ಮನೆಗೆ ಹೋಗುತ್ತಾರೆ.

ಅಂದಿನಿಂದ ಕೊಟ್ಟಿಗೆಯ ಹಿಂದಿನ ಮೂಲೆಯಲ್ಲಿ ಒಂದು ಅಟ್ಟಿ ಬೇರೆಯಾಗಿ ನಿಂತಿದೆ. ಗೇರು, ಗಾಳಿಮರ, ಸಿಕ್ಕಿದರೆ ಮಾವು. ಎರಡು ಚಿತೆಗಳಿಗೆ ಸಾಲುವಷ್ಟು. ಮಳೆಗಾಲ ಮುಗಿಯುವವರೆಗೆ ಅದು ಮದುವೆಗೂ ಇಲ್ಲ, ಹೋಟೆಲಿಗೂ ಇಲ್ಲ. ಖರ್ಚಾದರೆ ಬೇಸಗೆಯಲ್ಲಿ ಮತ್ತೆ ತುಂಬುತ್ತದೆ. ಖರ್ಚಾಗದಿದ್ದರೆ ಹಳೆಯದು ಮಾರಾಟಕ್ಕೆ ಹೋಗಿ ಹೊಸದು ಬಂದು ಕೂರುತ್ತದೆ. ವರ್ಷದ ಆ ಕೆಲವು ತಿಂಗಳು ಅಷ್ಟು ಹಣ ಅಲ್ಲಿ ಸತ್ತು ಬಿದ್ದಿರುತ್ತದೆ.

ಬಿ. ಕಾಂ. ಮುಗಿಸಿ ಅಂಗಡಿಯ ಲೆಕ್ಕ ಬರೆಯುವ ಮಗನಿಗೆ ಇದು ಬಹುಕಾಲ ಒಗಟಾಗಿತ್ತು. ಒಂದು ಸಂಜೆ ಅವನು ಪುಸ್ತಕವನ್ನೇ ತಂದು ಮುಂದಿಟ್ಟನು.

“ಅಪ್ಪ, ಈ ಅಟ್ಟಿಗೆ ಬಡ್ಡಿ ಹಾಕಿದರೆ ವರ್ಷವೂ ನಷ್ಟವೇ ಉಂಟು. ಹೋಟೆಲಿನವರು ಹೇಳಿದ ರೇಟಿಗೆ ಕೊಟ್ಟುಬಿಡುವಾ.”

ಆಗ ತಂದೆ ಮೊದಲ ಸಲ ಆ ಆಟಿ ತಿಂಗಳ ಸಂಗತಿಯನ್ನು ಹೇಳಿದರು. ಹೇಳಿ ಮುಗಿಸಿ, “ನಿನ್ನ ಲೆಕ್ಕ ಸರಿಯೇ ಉಂಟು ಮಗಾ. ಆದರೆ ನೀನು ಬರೆದದ್ದು ದೂರು ಹೇಳುವ ಗಿರಾಕಿಗಳ ಲೆಕ್ಕ ಮಾತ್ರ” ಎಂದರು. ಮಗ ಪುಸ್ತಕವನ್ನು ಮುಚ್ಚಿದನು. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ.

ಆ ವರ್ಷದ ಪತ್ತನಾಜೆಗೆ ಎರಡು ದಿನವಿರುವಾಗ ಹಿಂದಿನ ಮೂಲೆಯಿಂದ ಸದ್ದು ಕೇಳಿಸಿತು. ಮಗ ಕುಕ್ಕುರುಗಾಲಿನಲ್ಲಿ ಕುಳಿತು ಎರಡೆರಡು ಸೌದೆಗಳನ್ನು ಒಂದಕ್ಕೊಂದು ಬಡಿದು ಕಿವಿಗೊಡುತ್ತಿದ್ದನು. ಒಣಗಿದ ಸೌದೆ ಠಣ್ಣೆನ್ನುತ್ತದೆ. ಹಸಿಯದು ಮೊದ್ದಾಗಿ ಸದ್ದು ಮಾಡುತ್ತದೆ. ಮೊದ್ದು ಸದ್ದಿನ ಒಂದು ತುಂಡನ್ನು ಅವನು ತೆಗೆದು ಹೊರಗಿನ ಬಿಸಿಲಿಗೆ ಎಸೆದನು. ತಂದೆ ಅದನ್ನು ನೋಡಿದರು. ಏನೂ ಹೇಳದೆ ಹೋಗಿ ಗರಗಸದ ಯಂತ್ರವನ್ನು ನಡೆಸಿದರು. ಮಳೆಗೆ ಇನ್ನೂ ಎರಡು ದಿನವಿತ್ತು.