ದೈಜೋಬು ಮತ್ತು ಪರವಾಗಿಲ್ಲ



ವಿಕ್ಟೋರಿಯಾದ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷಿನ ಜೊತೆಗೆ ಕಲಿಸುವ ಭಾಷೆಗಳಲ್ಲಿ ಜಪಾನಿಗೆ ಬಹುಕಾಲದಿಂದ ಪ್ರಮುಖ ಸ್ಥಾನವಿದೆ. ಓಕ್ಲಿ ಸೌತ್‌ನ ಹಂಟಿಂಗ್‌ಡೇಲ್ ಪ್ರಾಥಮಿಕ ಶಾಲೆಯಂತೂ ಎರಡೂ ಭಾಷೆಗಳಲ್ಲಿ ಪಾಠ ಹೇಳುವ ದ್ವಿಭಾಷಾ ಶಾಲೆ. ಹೀಗಾಗಿ ಡ್ಯಾಂಡಿನಾಂಗ್ ಸುತ್ತಮುತ್ತಲಿನ ನಮ್ಮ ಮನೆಗಳಲ್ಲಿ ಮಕ್ಕಳು ಕನ್ನಡದ ಕಾಗುಣಿತದ ಪಕ್ಕದಲ್ಲಿಯೇ ಹಿರಗಾನ ಅಕ್ಷರಗಳನ್ನು ತಿದ್ದುವುದು ಹೊಸತಲ್ಲ. ಆ ಮಕ್ಕಳು ಮೊದಮೊದಲು ಮನೆಗೆ ಹೊತ್ತು ತರುವ ಶಬ್ದಗಳಲ್ಲಿ ‘ದೈಜೋಬು’ ಒಂದು. ಅದನ್ನು ಕನ್ನಡದ ಮೂಲಕ ವಿವರಿಸುವುದು ಸುಲಭ. ಏಕೆಂದರೆ ಅದಕ್ಕೆ ಸರಿಜೋಡಿಯಾದ ಶಬ್ದವೊಂದು ನಮ್ಮಲ್ಲಿದೆ, ‘ಪರವಾಗಿಲ್ಲ’. ವೈದ್ಯವೃತ್ತಿಯಲ್ಲಿರುವ ನಮಗೆ ಈ ಜೋಡಿಯ ಕುರಿತು ಹೇಳಬೇಕಾದ ಮತ್ತೊಂದು ಮಾತೂ ಇದೆ.

ಮೊದಲು ಬಳಕೆಯನ್ನು ನೋಡೋಣ. ಎಡವಿ ಬಿದ್ದವರನ್ನು ‘ದೈಜೋಬು ದೆಸ್ ಕಾ?’ ಎಂದು ಕೇಳಿದರೆ ‘ಏನೂ ಆಗಲಿಲ್ಲ ತಾನೇ?’ ಎಂದರ್ಥ. ‘ದೈಜೋಬು ದೆಸ್’ ಎಂಬುದು ಅದಕ್ಕೆ ಉತ್ತರ. ತಡವಾಗಿ ಬಂದವರು ಕ್ಷಮೆ ಕೇಳಿದಾಗಲೂ ಅದನ್ನೇ ಹೇಳಬಹುದು. ‘ನಾಳೆ ಬಂದರೆ ಆದೀತೇ?’ ಎಂದು ವಿಚಾರಿಸಲೂ, ‘ಈ ನೀರು ಕುಡಿಯಬಹುದೇ?’ ಎಂದು ಕೇಳಲೂ ಇದೇ ಶಬ್ದ ಸಲ್ಲುತ್ತದೆ. ಅಂಗಡಿಯವರು ‘ಚೀಲ ಬೇಕೇ?’ ಎಂದಾಗ ‘ದೈಜೋಬು ದೆಸ್’ ಎಂದರೆ ಮಾತ್ರ ‘ಬೇಡ’ ಎಂದಾಗುತ್ತದೆ, ‘ಕಾಫಿ ಮಾಡಲೇ?’ ಎಂದಾಗ ನಮ್ಮ ಅತಿಥಿಗಳು ‘ಪರವಾಗಿಲ್ಲ ಬಿಡಿ’ ಎನ್ನುವ ಹಾಗೆ. ವಾಕ್ಯದ ಕೊನೆಗೆ ‘ಕಾ’ ಸೇರಿಸಿದರೆ ಅದು ಪ್ರಶ್ನೆ. ‘ಪರವಾಗಿಲ್ಲ’ ಎಂಬುದು ‘ಪರವಾಗಿಲ್ಲವೇ?’ ಆಗುವುದನ್ನು ಬಲ್ಲ ಕನ್ನಡದ ಮಗುವಿಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ‘ಸಿನಿಮಾ ಹೇಗಿತ್ತು?’ ಎಂದರೆ ನಾವು ‘ಪರವಾಗಿಲ್ಲ’ ಎನ್ನುತ್ತೇವೆ, ಅಂದರೆ ತಕ್ಕಮಟ್ಟಿಗೆ ಚೆನ್ನಾಗಿತ್ತು ಎಂದು. ಅಲ್ಲಿ ‘ದೈಜೋಬು’ ಒಪ್ಪುವುದಿಲ್ಲ. ಜಪಾನಿನವರು ‘ಮಾಮಾ’ ಎನ್ನುತ್ತಾರೆ, ಎರಡು ‘ಮಾ’ಗಳನ್ನೂ ಎಳೆದು.

ಎರಡೂ ಶಬ್ದಗಳ ಹುಟ್ಟು ಸ್ವಾರಸ್ಯಕರವಾಗಿದೆ. ‘ದೈಜೋಬು’ ಶಬ್ದವನ್ನು ಬರೆಯುವ ಮೂರು ಚೀನೀ ಅಕ್ಷರಗಳಿಗೆ ಮೂಲದಲ್ಲಿ ‘ಮಹಾಪುರುಷ’ ಎಂದರ್ಥ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ಮಹಾಪುರುಷ ಶಬ್ದಕ್ಕೆ ಈ ಅಕ್ಷರಗಳನ್ನೇ ಬಳಸಿದರು. ಜಪಾನಿನಲ್ಲಿ ಅದು ಕ್ರಮೇಣ ಗಟ್ಟಿಮುಟ್ಟಾದದ್ದು, ಭಯವಿಲ್ಲದ್ದು ಎಂಬ ಅರ್ಥಕ್ಕೆ ತಿರುಗಿತು. ನಮ್ಮ ‘ಪರವಾ’ ಪಾರಸಿಯಿಂದ ಬಂದದ್ದು. ಅಲ್ಲಿ ‘ಪರ್ವಾ’ ಎಂದರೆ ಚಿಂತೆ, ಕಾಳಜಿ. ಅದಕ್ಕೆ ನಮ್ಮ ‘ಇಲ್ಲ’ ಸೇರಿ ‘ಚಿಂತೆಯಿಲ್ಲ’ ಎಂದಾಯಿತು. ಜಪಾನಿ ಶಬ್ದ ‘ಗಟ್ಟಿಯಾಗಿದ್ದೇನೆ’ ಎಂದು ಭರವಸೆ ಕೊಡುತ್ತದೆ. ಕನ್ನಡ ಶಬ್ದ ‘ನನ್ನ ಚಿಂತೆ ನಿಮಗೆ ಬೇಡ’ ಎನ್ನುತ್ತದೆ. ವೈದ್ಯರಿಗೆ ಎರಡರಿಂದಲೂ ಏನೂ ತಿಳಿಯುವುದಿಲ್ಲ.

ನಾವು ಸ್ವಯಂಸೇವಕರಾಗಿ ಕುಳಿತಿದ್ದ ಆರೋಗ್ಯ ತಪಾಸಣೆಯೊಂದಕ್ಕೆ ಊರಿನಿಂದ ಬಂದ ಹಿರಿಯ ತಾಯಿಯೊಬ್ಬರು ಮೊಮ್ಮಗಳ ಜೊತೆ ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ.) ‘ಎದೆಯಲ್ಲಿ ನೋವೇನಾದರೂ ಇದೆಯೇ ಅಮ್ಮ?’ ಎಂದರೆ ‘ಪರವಾಗಿಲ್ಲ ಡಾಕ್ಟ್ರೇ’. ‘ಉಸಿರಾಟ?’ ಎಂದರೆ ‘ಪರವಾಗಿಲ್ಲ’. ಮೊಮ್ಮಗಳು ನಕ್ಕು, ‘ಅಜ್ಜಿ ಎಲ್ಲದಕ್ಕೂ ದೈಜೋಬು ಅಂತಾರೆ’ ಎಂದಳು. ನಾವು ಪ್ರಶ್ನೆಯನ್ನು ಬದಲಿಸಿ, ‘ಮಗನ ಮನೆಯಲ್ಲಿ ಮಹಡಿಗೆ ಹೋಗುವಾಗ ಎಷ್ಟನೆಯ ಮೆಟ್ಟಿಲಲ್ಲಿ ನಿಲ್ಲುತ್ತೀರಿ?’ ಎಂದೆವು. ‘ಆರನೇದಕ್ಕೆ ನಿಲ್ಲಬೇಕು. ಮೊದಲು ನಿಲ್ತಿರಲಿಲ್ಲ’ ಎಂದರು. ರಾತ್ರಿ ಮೂರು ದಿಂಬು ಇಟ್ಟುಕೊಂಡು ಮಲಗುತ್ತಿದ್ದರು. ತಂದ ಮಾತ್ರೆಗಳು ಹಿಂದಿರುಗುವವರೆಗೆ ಬರಲಿ ಎಂದು ದಿನ ಬಿಟ್ಟು ದಿನ ನುಂಗುತ್ತಿದ್ದರು. ಅಂದೇ ಅವರನ್ನು ಆಸ್ಪತ್ರೆಗೆ ಕಳುಹಿಸಿದೆವು. ಹೃದಯದ ಬಲ ಕುಂದಿ ಶ್ವಾಸಕೋಶದಲ್ಲಿ ನೀರು ಸೇರತೊಡಗಿತ್ತು. ಸಕಾಲದಲ್ಲಿ ಚಿಕಿತ್ಸೆ ದೊರೆತು ಚೇತರಿಸಿಕೊಂಡರು.

ಅವರ ‘ಪರವಾಗಿಲ್ಲ’ದ ಹಿಂದೆ ಇದ್ದದ್ದು ಖರ್ಚಿನ ಅಂಜಿಕೆ. ಭಾರತದಿಂದ ಬರುವ ಸಂದರ್ಶಕರಿಗೆ ಮೆಡಿಕೇರ್ ಅನ್ವಯಿಸುವುದಿಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತು. ಮಕ್ಕಳಿಗೆ ಭಾರವಾಗಬಾರದು, ಅವರ ರಜೆ ಹಾಳಾಗಬಾರದು ಎಂಬ ಸಂಕೋಚವೂ ಸೇರುತ್ತದೆ. ಆ ಮಾತನ್ನು ಮಗ ಅಥವಾ ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿದರೆ, ತೊಂದರೆಯೇನೂ ಇಲ್ಲವೆಂದು ದಾಖಲೆಯಲ್ಲಿ ಸೇರಿಬಿಡುತ್ತದೆ.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮ ಕೆಲವು ಕೋರಿಕೆಗಳು. ಹಿರಿಯರನ್ನು ‘ಹೇಗಿದ್ದೀರಿ?’ ಎಂದಷ್ಟೇ ಕೇಳಿ ನಿಲ್ಲಿಸಬೇಡಿರಿ. ಎಣಿಸಿ ಹೇಳಬಹುದಾದದ್ದನ್ನು ಕೇಳಿರಿ. ಎಷ್ಟು ದೂರ ನಡೆದರೆ ಏದುಸಿರು ಬರುತ್ತದೆ, ರಾತ್ರಿ ಎಷ್ಟು ಬಾರಿ ಏಳುತ್ತಾರೆ, ಕಾಲಿನಲ್ಲಿ ಬಾವು ಎಲ್ಲಿಯವರೆಗೆ ಇದೆ, ಮಾತ್ರೆಗಳು ಎಷ್ಟು ಉಳಿದಿವೆ. ಅವರು ಬರುವ ಮೊದಲೇ ಸಂದರ್ಶಕರ ಆರೋಗ್ಯ ವಿಮೆ ಮಾಡಿಸಿ, ಹಳೆಯ ಕಾಯಿಲೆಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿರಿ. ಸಾರ್ವಜನಿಕ ಆಸ್ಪತ್ರೆಯಲ್ಲಿ ಕನ್ನಡ ದುಭಾಷಿ ಬೇಕೆಂದು ಕೇಳಿರಿ. ರಾಷ್ಟ್ರೀಯ ದುಭಾಷಿ ಸೇವೆಯ ಸಂಖ್ಯೆ 131 450. ವಿಕ್ಟೋರಿಯಾದಲ್ಲಿ ಹಗಲಿರುಳೂ ದಾದಿಯರ ಸಲಹೆಗೆ 1300 60 60 24. ಎದೆಯಲ್ಲಿ ಒತ್ತಡ, ತೋಳಿಗೂ ದವಡೆಗೂ ಹರಡುವ ನೋವು, ತಣ್ಣನೆಯ ಬೆವರು, ಹಠಾತ್ ಉಸಿರುಗಟ್ಟುವಿಕೆ ಕಂಡರೆ ಯಾರನ್ನೂ ಕೇಳುತ್ತ ಕೂರದೆ 000ಗೆ ಕರೆ ಮಾಡಿರಿ. ಮಧುಮೇಹವಿರುವವರಲ್ಲಿಯೂ ಸ್ತ್ರೀಯರಲ್ಲಿಯೂ ಎದೆನೋವೇ ಇಲ್ಲದೆ ಬರಿಯ ಸುಸ್ತು, ವಾಕರಿಕೆ, ಏದುಸಿರು ಮಾತ್ರ ಕಾಣಿಸಬಹುದು ಎಂಬುದನ್ನು ಮರೆಯದಿರಿ.

ಮಕ್ಕಳು ‘ದೈಜೋಬು’ ಕಲಿಯಲಿ; ಅದರ ಜೊತೆಗೆ ‘ಪರವಾಗಿಲ್ಲ’ವನ್ನೂ ಚೆನ್ನಾಗಿ ಕಲಿಯಲಿ. ಅಜ್ಜಿ ಆ ಮಾತನ್ನು ಯಾವ ದನಿಯಲ್ಲಿ ಹೇಳಿದರು ಎಂಬುದನ್ನು ಗಮನಿಸುವ ಮಗು ಎರಡು ಭಾಷೆಗಳನ್ನೂ ನಿಜವಾಗಿ ಬಲ್ಲದ್ದು.