ಈ ವಾರ ಅಪ್ಪ-ಅಮ್ಮನ ಮನೆ ಹುತ್ತೂರಿನಲ್ಲಿ

"ಈಗ ಎಲ್ಲಿದ್ದೀರಾ?" ಅಂತ ಫೋನ್ ಮಾಡಿ ಕೇಳಿಯೇ ಅಪ್ಪ-ಅಮ್ಮನ ಮನೆಗೆ ಹೊರಡಬೇಕು, ಅದು ನನ್ನ ಪರಿಸ್ಥಿತಿ. ಜೂನ್ ತಿಂಗಳ ಒಂದು ಶುಕ್ರವಾರ ಬಂದ ಉತ್ತರ: "ಕೋಲಾರ ದಾಟಿ ಹುತ್ತೂರು ಕಡೆ. ಮಾವಿನ ತೋಪು. ಲೊಕೇಶನ್ ಕಳಿಸ್ತೀನಿ. ಬರ್ತಾ ಕಾಫಿಪುಡಿ ತಗೊಂಡು ಬಾ."

ಅಪ್ಪ ರಿಟೈರ್ ಆದ ಮೇಲೆ ಮೈಸೂರಿನ ಮನೆ ಬಾಡಿಗೆಗೆ ಕೊಟ್ಟು, ಸೆಕೆಂಡ್‌ಹ್ಯಾಂಡ್ ಟೆಂಪೊ ಟ್ರಾವೆಲರ್ ಕೊಂಡರು. ಸೀಟು ಕಿತ್ತು ಮಂಚ, ಅಡುಗೆ ಕಟ್ಟೆ, 100 ಲೀಟರಿನ ಟ್ಯಾಂಕು, ಮೇಲೆ ಸೋಲಾರ್. (ಇದನ್ನೋದಿ ಆಸೆ ಪಡುವವರಿಗೆ: ಗಾಡಿಯನ್ನು ಹೀಗೆ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ಬರೆಸಬೇಕು.) ಹೊರಗಿನವರು ಮೋಟರ್‌ಹೋಮ್, ಕ್ಯಾರವಾನ್ ಅಂತಾರೆ. ಅಮ್ಮನ ಬಾಯಲ್ಲಿ ಅದು ಬರೀ 'ಗಾಡಿ'.

ನಾನು ಸುಮ್ಮನೆ ಹೊರಟಿರಲಿಲ್ಲ. ಮನೆಯ ಬಾಡಿಗೆ ಕರಾರು ಆಗಸ್ಟ್‌ಗೆ ಮುಗಿಯುತ್ತಿತ್ತು. "ಸಾಕು, ಗಾಡಿ ಮಾರಿ ಮನೆಗೆ ಬನ್ನಿ" ಅಂತ ಹೇಳಿ ಒಪ್ಪಿಸಬೇಕು ಅಂತ ನಾನೂ ಅಣ್ಣನೂ ಮಾತಾಡಿಕೊಂಡಿದ್ದೆವು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬರುತ್ತಿದೆ ಅಂತ ಡಾಕ್ಟರ್ ಹೇಳಿ ನಾಲ್ಕು ತಿಂಗಳಾಗಿತ್ತು.

ಹೆದ್ದಾರಿಯಲ್ಲಿ ನರಸಾಪುರದ ಕೆರೆ ತುಂಬಿತ್ತು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಕೆ.ಸಿ. ಅಂದರೆ ಕೋರಮಂಗಲ-ಚಲ್ಲಘಟ್ಟ. ನಾನಿರೋದು ಕೋರಮಂಗಲದಲ್ಲೇ. ನಾನು ಸ್ನಾನ ಮಾಡಿದ ನೀರೂ ಇದರಲ್ಲಿ ಇರಬಹುದು ಅನ್ನಿಸಿ ಒಂಥರಾ ಆಯ್ತು. ಈ ನೀರನ್ನು ಕುಡಿಯುವಂತಿಲ್ಲ, ಅಂತರ್ಜಲ ಹೆಚ್ಚಲಿ ಅಂತ ಬಿಡುವುದು.

ತೋಪು ತಲುಪಿದಾಗ ಗಾಡಿ ಮರದ ಪೂರ್ವಕ್ಕೆ ನಿಂತಿತ್ತು. ಅದಕ್ಕೂ ಲೆಕ್ಕ ಇದೆ. ಬೆಳಗಿನ ಬಿಸಿಲು ಸೋಲಾರ್‌ಗೆ ಸಿಗಬೇಕು, ಮಧ್ಯಾಹ್ನದ ನೆರಳು ಮನುಷ್ಯರಿಗೆ ಬೇಕು. ಪೂರ್ತಿ ನೆರಳಲ್ಲಿ ನಿಲ್ಲಿಸಿದರೆ ರಾತ್ರಿ ಫ್ಯಾನ್ ತಿರುಗಲ್ಲ. ಇನ್ನೊಂದು ನಿಯಮ ಅಮ್ಮನದು: ಎಲ್ಲೇ ಆಗಲಿ ಸಂಜೆ ನಾಲ್ಕೂವರೆಯೊಳಗೆ ಗಾಡಿ ನಿಲ್ಲಬೇಕು. ಕೆಳಗಿಳಿದು ಹತ್ತಿರದ ಮನೆಯ ಹೆಂಗಸರನ್ನು ಮೊದಲು ಮಾತಾಡಿಸುವವಳು ಅವಳೇ. "ಗಂಡಸರು ಜಾಗ ಕೊಡ್ತಾರೆ ಕಣೇ, ಆದ್ರೆ ಬಚ್ಚಲು ಎಲ್ಲಿದೆ ಅಂತ ಹೆಂಗಸರೇ ಹೇಳಬೇಕು." ಗಾಡಿಯಲ್ಲಿ ಸಣ್ಣ ಟಾಯ್ಲೆಟ್ ಇದೆ, ಆದರೆ ಅದನ್ನು ಎರಡು ದಿನಕ್ಕೊಮ್ಮೆ ಎಲ್ಲಾದರೂ ಸರಿಯಾದ ಶೌಚಾಲಯಕ್ಕೆ ಹೊತ್ತೊಯ್ದು ಖಾಲಿ ಮಾಡಬೇಕು. ಆ ಕೆಲಸ ಅಪ್ಪಂದು. ಮೂವತ್ತೈದು ವರ್ಷ ಕಾಫಿ ಲೋಟ ಎತ್ತಿಡದಿದ್ದ ಮನುಷ್ಯ! ರೀಲ್ಸ್‌ನಲ್ಲಿ ಇದನ್ನೆಲ್ಲಾ ಯಾರೂ ತೋರಿಸಲ್ಲ.

ಶನಿವಾರ ಬೆಳಗ್ಗೆ ಅಭ್ಯಾಸಬಲದಿಂದ ನಾನು ತಲೆಗೆ ಸ್ನಾನ ಮಾಡಿಬಿಟ್ಟೆ. ಹೊರಬಂದಾಗ ಅಪ್ಪ ಟ್ಯಾಂಕಿನ ಮಟ್ಟ ನೋಡ್ತಾ ನಿಂತಿದ್ದರು. ಇಬ್ಬರಿಗೆ ಇನ್ನೊಂದೂವರೆ ದಿನ ಆಗಬೇಕಿದ್ದ ನೀರು. ತೋಪಿನವರ ಬೋರ್‌ವೆಲ್ ದಿನಕ್ಕೆ ಒಂದು ಗಂಟೆ ಬಂದರೆ ಹೆಚ್ಚು, ಅದೂ ಮೊದಲು ಹಸುಗಳಿಗೆ. ಆದರೂ ಆ ಮನೆಯಾಕೆ ಎರಡು ಕೊಡ ತಂದಿಟ್ಟು, "ಅಕ್ಕಾ, ಮಗಳು ಬಂದವ್ಳೆ, ಇರ್ಲಿ" ಅಂದು ಹೋದರು. ನನಗೆ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು.

ಮಧ್ಯಾಹ್ನ ಮುದ್ದೆ, ಉಪ್ಸಾರು. ಸಂಜೆ ಸುಮ್ಮನೆ ಕೂತಿದ್ದಾಗ ಮೇಲೆ ಧಡ್ ಅಂತ ಸದ್ದು. ತೋತಾಪುರಿ. ರಾತ್ರಿ ಪಾತ್ರೆ ತೊಳೆಯುವಾಗ ನಾನು ವಿಷಯ ಎತ್ತಿದೆ. ಒಂದು ಟಬ್ ನೀರಲ್ಲೇ ಪಾತ್ರೆ ಅಷ್ಟೂ ತೊಳೆದು, ಆ ನೀರನ್ನ ಗಿಡದ ಬುಡಕ್ಕೆ ಚೆಲ್ಲಿ ಬಂದ ಅಮ್ಮ ಮೆಲ್ಲಗೆ ಹೇಳಿದಳು: "ಹೋದ ವಾರ ಮುಳಬಾಗಿಲಿಂದ ಬರ್ತಾ ಕತ್ತಲಾಯ್ತು. ಹಂಪ್ ಕಾಣಿಸಲಿಲ್ಲ ಅವರಿಗೆ. ಡಬ್ಬಗಳೆಲ್ಲಾ ಉರುಳಿ ಹೋದ್ವು. ನಿಂಗೆ ಹೇಳಬೇಡ ಅಂದಿದ್ದಾರೆ."

"ಮತ್ತೆ? ಮಾರಿಬಿಡೋಣ ಅಮ್ಮ."

"ಮಾರಿ? ಮೈಸೂರಲ್ಲಿ ಅವರು ಟಿವಿ ನೋಡೋದು, ನಾನು ಅಡುಗೆಮನೆ. ಬೇಡ." ಸ್ವಲ್ಪ ಹೊತ್ತು ಬಿಟ್ಟು ತನ್ನ ಪರ್ಸಿನಿಂದ ಮಡಚಿದ ಕಾಗದ ತೆಗೆದಳು. ಎಲ್‌ಎಲ್‌ಆರ್. ಅಮ್ಮನಿಗೆ 61. ನಲವತ್ತು ದಾಟಿದವರು ಕೊಡಬೇಕಾದ ಡಾಕ್ಟರ್ ಸರ್ಟಿಫಿಕೇಟನ್ನೂ ಕೊಟ್ಟು, ಅಪ್ಪನ ಕಣ್ಣು ತೋರಿಸಲು ಮೈಸೂರಿಗೆ ಹೋದಾಗಲೇ ಮಾಡಿಸಿಕೊಂಡು ಬಂದಿದ್ದಳು. 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು. ಈ ಗಾಡಿಗೆ ಕಾರಿನ ಲೈಸೆನ್ಸೇ ಸಾಕು.

ನನಗೆ ಸಿಟ್ಟೂ ಬಂತು, ಭಯವೂ ಆಯ್ತು. ಮೊಣಕಾಲು ನೋವು ಅನ್ನುವವಳು ಕ್ಲಚ್ ಹೇಗೆ ಒತ್ತುತ್ತಾಳೆ? ಅಪ್ಪನ ಆಪರೇಷನ್ ಯಾವಾಗ? ಅಣ್ಣನಿಗೆ ಏನು ಹೇಳಲಿ? ಕೇಳಿದೆ. "ಮಾವಿನ ಸೀಸನ್ ಮುಗೀಲಿ, ಮಾಡಿಸ್ತೀವಿ. ಬಾಡಿಗೆಯವರಿಗೆ ಇನ್ನೊಂದು ವರ್ಷ ಇರಿ ಅಂತ ಆಗಲೇ ಹೇಳಿದ್ದೀನಿ" ಅಂದಳು. ಅಪ್ಪ ಒಳಗೆ ಮಲಗಿದ್ದರು, ನಿದ್ದೆ ಬಂದಿರಲಿಲ್ಲ ಅನ್ನೋದು ಗೊತ್ತಾಗ್ತಿತ್ತು.

ಭಾನುವಾರ ಆರೂವರೆಗೆ ಕುಡಿಯುವ ನೀರು ತರಲು ಹೊರಟೆವು. ಇಲ್ಲಿನ ಬೋರ್ ನೀರಲ್ಲಿ ಫ್ಲೋರೈಡ್ ಇರುವುದರಿಂದ ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಸು ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳಬೇಕು. ಎಲ್ ಬೋರ್ಡ್ ಅಂಟಿಸಿದ ಗಾಡಿಯ ಸ್ಟೀರಿಂಗ್ ಹಿಂದೆ ಅಮ್ಮ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ. ಪಕ್ಕದಲ್ಲಿ ಅಪ್ಪ. ಹಿಂದೆ ನಾನು, ಉರುಳದಂತೆ ಹಾಲಿನ ಪಾತ್ರೆ ಹಿಡಿದುಕೊಂಡು. ತೋಪಿನ ಗೇಟಲ್ಲಿ ಇಂಜಿನ್ ಎರಡು ಸಲ ಆಫ್ ಆಯ್ತು. ಟೊಮೆಟೊ ಕ್ರೇಟ್ ತುಂಬಿದ ಟೆಂಪೊದವನು ಹಿಂದಿನಿಂದ ಹಾರ್ನ್ ಹೊಡೆದ.

"ರೀ, ಅವನನ್ನ ಮುಂದೆ ಹೋಗು ಅನ್ನಿ."

ಅಪ್ಪ ಕಿಟಕಿಯಿಂದ ಕೈ ಬೀಸಿದರು. ಘಟಕದ ಮುಂದೆ ಅಮ್ಮ ಹ್ಯಾಂಡ್‌ಬ್ರೇಕ್ ಎಳೆದು ನನ್ನ ಕಡೆ ತಿರುಗಿದಳು: "ಕ್ಯಾನ್ ಇಳಿಸೇ ಬೇಗ, ಕ್ಯೂ ದೊಡ್ಡದಾಗ್ತಿದೆ."