ಚಿಕ್ಕ ಸ್ವಿಚ್ಚು, ದೊಡ್ಡ ಕರೆಂಟು

ನಮ್ಮ ಅಬ್ಬಾ ಬೆಳಗಿನ ಜಾವ ಮೂರಕ್ಕೆ ತರಕಾರಿ ತುಂಬಿದ ಟೆಂಪೊ ಓಡಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಅದರ ಹೆಡ್‌ಲೈಟು ಮಂಕಾಯಿತು, ಸ್ವಿಚ್ಚು ಮುಟ್ಟಿದರೆ ಸುಡುತ್ತಿತ್ತು. ಎರಡು ಸಲ ಸ್ವಿಚ್ಚು ಬದಲಾಯಿಸಿದರೂ ಅದೇ ಕಥೆ. ಅಬ್ಬಾ ಮನೆಗೆ ಬರುವ ತನಕ ಅಮ್ಮಿಗೆ ನಿದ್ದೆಯಿಲ್ಲ.

ಗಾಡಿಗಳ ವೈರಿಂಗ್ ಕೆಲಸ ಮಾಡುವ ನನ್ನ ಮಾಮು ಲೆಕ್ಕ ಹೇಳಿಕೊಟ್ಟರು. ತಲಾ 55 ವ್ಯಾಟಿನ ಎರಡು ಬಲ್ಬು, 12 ವೋಲ್ಟ್ ಬ್ಯಾಟರಿ. ಭಾಗಿಸಿದರೆ ಸುಮಾರು 9 ಆಂಪಿಯರ್. ಅಷ್ಟೂ ಕರೆಂಟು ಆ ಚಿಕ್ಕ ಸ್ವಿಚ್ಚಿನೊಳಗೇ ಹಾದುಹೋಗುತ್ತಿತ್ತು. "ಇದಕ್ಕೆ ರಿಲೇ ಹಾಕಬೇಕು ಬೇಟಾ" ಎಂದರು.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದರು. ರಿಲೇಗೆ ನಾಲ್ಕು ಪಿನ್ನು. ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ದಪ್ಪ ವೈರು 30ಕ್ಕೆ; 87ರಿಂದ ಬಲ್ಬುಗಳಿಗೆ. ಸ್ವಿಚ್ಚಿನ ತೆಳು ವೈರು 86ಕ್ಕೆ; 85 ಬಾಡಿಗೆ ಅರ್ತ್. ಸ್ವಿಚ್ಚು ಹಾಕಿದರೆ ಒಳಗಿನ ಸುರುಳಿ ಅಯಸ್ಕಾಂತವಾಗಿ 'ಟಕ್' ಎಂದು ದೊಡ್ಡ ದಾರಿಯನ್ನು ಕೂಡಿಸುತ್ತದೆ. ಸುರುಳಿಗೆ ಅರ್ಧ ಆಂಪಿಯರೂ ಬೇಡ. ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ ಕೂರಿಸಿದೆವು. ಫ್ಯೂಸ್ ಮಾತ್ರ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದೂರವಿಟ್ಟರೆ, ನಡುವಿನ ವೈರು ಸವೆದು ಬಾಡಿಗೆ ತಾಗಿದಾಗ ಬೆಂಕಿಯನ್ನು ತಡೆಯುವವರಿಲ್ಲ.

ಕಾಮರ್ಸ್ ಓದುವ ನನಗೆ ಇದು ಚೆಕ್ಕಿನಂತೆ ಕಂಡಿತು. ಸಹಿಗೆ ಬೇಕಾದದ್ದು ಒಂದು ಹನಿ ಇಂಕು. ಲಕ್ಷ ರೂಪಾಯಿ ಸಾಗುವುದು ಬ್ಯಾಂಕಿನ ದಾರಿಯಲ್ಲಿ, ಸಹಿ ಹಾಕಿದವರ ಜೇಬಿನ ಮೂಲಕವಲ್ಲ.

ನಿಮ್ಮ ಗಾಡಿಯಲ್ಲೂ ಸ್ವಿಚ್ಚು ಬಿಸಿಯಾದರೆ ಹೊಸದು ಕೊಳ್ಳುವ ಮೊದಲು ಕೇಳಿಕೊಳ್ಳಿ: ಅದು ಹೊರುತ್ತಿರುವುದು ಅದರದೇ ಹೊರೆಯೇ?